ಸ್ಥೈರ್ಯ ಒಬ್ಬರ ಸ್ವತ್ತಲ್ಲ

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ತರಗತಿಗಳು ನಿಂತು ಪಾಠಗಳು ಮೊಬೈಲಿಗೆ ಬಂದವು. ಮಲೆನಾಡಿನಲ್ಲಿ ಎಷ್ಟೋ ವಿದ್ಯಾರ್ಥಿಗಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದರು, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ಕೆಲವರು ಕುಗ್ಗಿಹೋದರು; ಕೆಲವರು ಕುಗ್ಗಿಯೂ ಚೇತರಿಸಿಕೊಂಡರು. ಹೀಗೆ ಚೇತರಿಸಿಕೊಳ್ಳುವ ಬಲವೇ ಮನಃಸ್ಥೈರ್ಯ. ಅದು ಎಲ್ಲಿಂದ ಬರುತ್ತದೆ?

ಹಳೆಯ ಉತ್ತರವೊಂದು ಸ್ಟೋಯಿಕ್ ಚಿಂತಕ ಎಪಿಕ್ಟೆಟಸನದು. ರೋಮಿನಲ್ಲಿ ಗುಲಾಮನಾಗಿದ್ದು, ಬಿಡುಗಡೆಯಾದ ಮೇಲೆ ಗುರುವಾದವನು ಅವನು. ತಾನಾಗಿ ಏನನ್ನೂ ಬರೆಯಲಿಲ್ಲ. ಅವನ ಮಾತುಗಳನ್ನು ಬರೆದಿಟ್ಟವನು ಶಿಷ್ಯ ಅರಿಯನ್. ಆ ಬೋಧನೆಯ ತಿರುಳು ಇಷ್ಟು: ನಮ್ಮ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ ನೋಡಬೇಕು. ಯೋಚನೆ, ಬಯಕೆ, ಪ್ರಯತ್ನ ನಮ್ಮವು. ದೇಹ, ಆಸ್ತಿ, ಹೆಸರು ನಮ್ಮ ಹಿಡಿತಕ್ಕೆ ಸಿಗುವಂಥವಲ್ಲ. ಸಿಗ್ನಲ್ಲೂ ಪರೀಕ್ಷೆಯ ದಿನಾಂಕವೂ ವಿದ್ಯಾರ್ಥಿಯ ಮಾತು ಕೇಳುವುದಿಲ್ಲ. ಏಳುವ ಹೊತ್ತು, ಓದುವ ಕ್ರಮ, ತಿಳಿಯದ್ದನ್ನು ಕೇಳುವ ಧೈರ್ಯ ಅವರವೇ. ಈ ಗೆರೆ ಕಂಡವರಿಗೆ ಆತಂಕ ಹೋಗದಿದ್ದರೂ ಮಾಡಬೇಕಾದ ಕೆಲಸ ಕಾಣುತ್ತದೆ.

ಆದರೆ ಇದು ಅರ್ಧ ಉತ್ತರ. ಹವಾಯಿಯ ಕೌವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳ ಬದುಕನ್ನು ಮನೋವಿಜ್ಞಾನಿ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಕಲಹಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರನೇ ಒಂದು ಭಾಗ ಚೆನ್ನಾಗಿಯೇ ಬಾಳಿದರು. ಅವರಲ್ಲಿ ಹೆಚ್ಚಿನವರಿಗೆ ನೆಚ್ಚಿಕೊಳ್ಳಬಹುದಾದ ಒಬ್ಬರಾದರೂ ಇದ್ದರು: ಅಜ್ಜಿ, ಮೇಷ್ಟ್ರು, ನೆರೆಯವರು. ಸ್ಥೈರ್ಯ ಅಸಾಮಾನ್ಯರ ಗುಣವಲ್ಲ, ದಿನನಿತ್ಯದ ಆಸರೆಗಳ ಫಲ ಎಂದು 2001ರಲ್ಲಿ ಮನೋವಿಜ್ಞಾನಿ ಆನ್ ಮಾಸ್ಟೆನ್ ವಾದಿಸಿದ್ದೂ ಇದನ್ನೇ.

ಆನ್‌ಲೈನ್ ಕಲಿಕೆ ಕಿತ್ತುಕೊಂಡದ್ದು ಈ ಆಸರೆಗಳನ್ನು. ಪಾಠವೇನೋ ಪರದೆಯ ಮೇಲೆ ಬಂತು. ಕ್ಯಾಂಟೀನಿನ ಹರಟೆ, ಹಾಸ್ಟೆಲ್ಲಿನ ಜಗಳ, ಮುಖ ನೋಡಿಯೇ ಏನಾಯಿತೆಂದು ಕೇಳುವ ಗೆಳತಿ ಬರಲಿಲ್ಲ. ಕ್ಯಾಮೆರಾ ಆರಿಸಿ ಕೂತವರು ಕುಗ್ಗುತ್ತಿರುವುದು ಯಾರಿಗೂ ಕಾಣಲಿಲ್ಲ. ಅಂಥ ಹೊತ್ತಿನಲ್ಲಿ ಕೂಡಿ ಓದುವ ವಾಟ್ಸ್ಆ್ಯಪ್ ಗುಂಪು, ಹೆಸರು ಹಿಡಿದು ವಿಚಾರಿಸುವ ಅಧ್ಯಾಪಕರು ಪಾಠದಷ್ಟೇ ಮುಖ್ಯ.

ಹಾಗಾಗಿ ಸ್ಥೈರ್ಯದ ಹೊಗಳಿಕೆಯಲ್ಲಿ ಒಂದು ಅಪಾಯವಿದೆ. ಮೊಬೈಲೇ ಇಲ್ಲದ ಹುಡುಗಿಗೆ ಮನಸ್ಸು ಗಟ್ಟಿಮಾಡಿಕೋ ಎನ್ನುವುದು ಎಪಿಕ್ಟೆಟಸನ ಗೆರೆಯನ್ನು ಅವಳೊಬ್ಬಳಿಗೇ ಎಳೆದಂತೆ. ಅವಳ ಕೈಯಲ್ಲಿಲ್ಲದ ಎಷ್ಟೋ ಸಂಗತಿಗಳು ವಿಶ್ವವಿದ್ಯಾಲಯದ ಕೈಯಲ್ಲಿವೆ: ಸಾಧನ, ಹೆಚ್ಚುವರಿ ಗಡುವು, ಆಪ್ತಸಮಾಲೋಚನೆ. ಆ ಗೆರೆಯನ್ನು ಸಂಸ್ಥೆಗಳೂ ತಮ್ಮ ಪಾಲಿಗೆ ಎಳೆದುಕೊಳ್ಳಬೇಕು.