ಹೊಣೆಯ ವ್ಯಾಕರಣ

ಮೊನ್ನೆ ನಮ್ಮ ಮನೆಯಲ್ಲಿ ಗಾಜಿನ ಲೋಟವೊಂದು ಒಡೆಯಿತು. "ಯಾರೋ ಒಡೆದದ್ದು?" ಎಂದು ಕೇಳಿದ್ದಕ್ಕೆ ಮೊಮ್ಮಗ, "ಬಿದ್ದುಹೋಯ್ತು ತಾತ" ಎಂದ. ನನಗೆ ನಗು ಬಂದಿತು. ಈ ಜಾಣತನ ಮಕ್ಕಳದು ಮಾತ್ರವೆ? "ತಪ್ಪಾಯಿತು" ಎನ್ನುವುದು ನಮಗೆಲ್ಲರಿಗೂ ಸುಲಭ. "ತಪ್ಪು ಮಾಡಿದೆ" ಎನ್ನುವಾಗ ನಾಲಗೆ ತಡವರಿಸುತ್ತದೆ. ಲೋಟ ತಾನಾಗಿ ಬೀಳುತ್ತದೆ, ತಪ್ಪು ತಾನಾಗಿ ಆಗುತ್ತದೆ; ಕರ್ತೃಪದ ಮಾತ್ರ ಎಲ್ಲಿಯೂ ಸಿಕ್ಕುವುದಿಲ್ಲ.

ಆಗ ನನಗೊಂದು ಚೀಟಿಯ ನೆನಪಾಯಿತು. 1944ರ ಜೂನ್ 5ರಂದು ಮಿತ್ರರಾಷ್ಟ್ರಗಳ ಮಹಾದಂಡನಾಯಕ ಐಸೆನ್‌ಹೋವರ್ ಅದನ್ನು ಪೆನ್ಸಿಲಿನಲ್ಲಿ ಗೀಚಿದರು. ಮರುದಿನ ಬೆಳಗ್ಗೆ ಫ್ರಾನ್ಸಿನ ನಾರ್ಮಂಡಿ ತೀರದ ಮೇಲೆ ದಾಳಿ. ಒಂದು ವರ್ಷಕ್ಕೂ ಮಿಕ್ಕಿದ ಸಿದ್ಧತೆ. ಸುಮಾರು 7,000 ಹಡಗು ದೋಣಿಗಳು. ಮೊದಲ ದಿನವೇ ಇಳಿಯಬೇಕಾದ ಒಂದೂವರೆ ಲಕ್ಷ ಸೈನಿಕರು. ಕಡಲು ಮುನಿದಿದ್ದರಿಂದ ದಾಳಿ ಆಗಲೇ ಒಂದು ದಿನ ಮುಂದೆ ಹೋಗಿತ್ತು. ಬಿರುಗಾಳಿ ಸ್ವಲ್ಪ ಹೊತ್ತು ಬಿಡುವು ಕೊಟ್ಟೀತೆಂದು ಹವಾಮಾನತಜ್ಞ ಸ್ಟ್ಯಾಗ್ ಹೇಳಿದ ಮಾತನ್ನು ನಂಬಿ ಅಪ್ಪಣೆ ಕೊಟ್ಟದ್ದಾಗಿತ್ತು. ಒಂದು ವೇಳೆ ಸೋತರೆ ಲೋಕಕ್ಕೆ ಹೇಳಬೇಕಾದ ಮಾತು ಆ ಚೀಟಿಯಲ್ಲಿತ್ತು. ಸೈನ್ಯವನ್ನು ಹಿಂದಕ್ಕೆ ಕರೆಸಲಾಗಿದೆ ಎಂಬರ್ಥದಲ್ಲಿ ಮೊದಲು ಬರೆದವರು, ಅದನ್ನು ಹೊಡೆದುಹಾಕಿ, ಕರೆಸಿದವನು ನಾನು ಎಂದು ತಿದ್ದಿದರು. ತಪ್ಪೇನಾದರೂ ಇದ್ದರೆ ಅದು ತನ್ನೊಬ್ಬನದೇ ಎಂದು ಮುಗಿಸಿದರು. ದಣಿದ ಕೈ ಜೂನ್ ಎನ್ನುವಲ್ಲಿ ಜುಲೈ ಎಂದು ಬರೆಯಿತು. ಆದರೆ ಕರ್ಮಣಿಯನ್ನು ಕರ್ತರಿಗೆ ತಿರುಗಿಸುವಾಗ ಎಡವಲಿಲ್ಲ. ದಾಳಿ ಗೆದ್ದಿತು; ಚೀಟಿ ಬೇಕಾಗಲಿಲ್ಲ.

ಇದನ್ನು ಓದಿದಾಗಲೆಲ್ಲ ನಾನು ತಲೆಬಾಗುತ್ತೇನೆ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ಜರ್ಮನರ ಕುಮ್ಮಕ್ಕಿನ ಪಡೆಗಳು ತೀರಕ್ಕೆ ಬೇಗ ಬಾರದಂತೆ ಮಾಡಲು ಫ್ರಾನ್ಸಿನ ರೈಲುದಾರಿಗಳನ್ನು ಮುರಿಯಬೇಕಾಗಿತ್ತು. ರೈಲುನಿಲ್ದಾಣಗಳು ಊರುಗಳ ನಡುವೆಯೇ ಇದ್ದವು. ಬಿಡುಗಡೆ ಯಾರಿಗಾಗಿಯೋ ಅವರ ಮನೆಗಳ ಮೇಲೆಯೇ ಬಾಂಬುಗಳು ಬೀಳಬೇಕಾಯಿತು. ಚರ್ಚಿಲ್ಲರೇ ಅಳುಕಿ, ಮೇ ತಿಂಗಳಲ್ಲಿ ರೂಸ್‌ವೆಲ್ಟರಿಗೆ ಬರೆದರು. ದಂಡನಾಯಕರ ಕೈಕಟ್ಟಲು ರೂಸ್‌ವೆಲ್ಟ್ ಒಪ್ಪಲಿಲ್ಲ. ಈ ಯೋಜನೆಯೇ ಆಗಬೇಕೆಂದು ಪಟ್ಟು ಹಿಡಿದವರಲ್ಲಿ ಐಸೆನ್‌ಹೋವರ್ ಕೂಡ ಒಬ್ಬರು. ದಾಳಿ ಮೊದಲಾದ ಮೇಲೆ ಕಾನ್, ಸೇಂಟ್ ಲೋ ಮುಂತಾದ ಊರುಗಳು ಪಾಳುಬಿದ್ದವು. ಆ ಬೇಸಿಗೆಯಲ್ಲಿ ನಾರ್ಮಂಡಿಯೊಂದರಲ್ಲಿಯೇ ಸತ್ತ ನಾಗರಿಕರು ಸುಮಾರು 20,000 ಎಂದು ಅಂದಾಜು.

ಹಾಗಾದರೆ ದಾಳಿ ನಡೆಯಬಾರದಿತ್ತೆ? ಹಾಗೆನ್ನಲು ನನಗೆ ಬಾಯಿ ಬಾರದು. ನಾಜಿಗಳ ಕೊಲೆಯ ಶಿಬಿರಗಳು ಆ ದಿನಗಳಲ್ಲಿಯೂ ಬಿಡುವಿಲ್ಲದೆ ನಡೆಯುತ್ತಿದ್ದವು; ತಡಮಾಡಿದ್ದರೆ ಅದಕ್ಕೂ ಹೆಣಗಳಲ್ಲಿಯೇ ಬೆಲೆ ತೆರಬೇಕಾಗಿತ್ತು. ನನ್ನ ತಕರಾರು ದಾಳಿಯ ಮೇಲಲ್ಲ, ಲೆಕ್ಕದ ಮೇಲೆ. ಸೋಲಿಗೆ ಚೀಟಿ ಸಿದ್ಧವಾಗಿತ್ತು. ಗೆಲುವಿಗೆ ಯಾರೂ ಬರೆದಿಡಲಿಲ್ಲ. ಗೆದ್ದ ಮೇಲೆ ಆ ಜನರು "ಸತ್ತರು" ಎಂದಾಯಿತೇ ಹೊರತು "ಕೊಂದೆವು" ಎಂದಾಗಲಿಲ್ಲ. ಸೋತವನನ್ನು ಲೋಕವೇ ಲೆಕ್ಕ ಕೇಳುತ್ತದೆ. ಗೆದ್ದವನು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಕುರುಕ್ಷೇತ್ರವನ್ನು ಗೆದ್ದ ಧರ್ಮರಾಯ ಸಿಂಹಾಸನ ಬೇಡ, ಕಾಡಿಗೆ ಹೋಗುತ್ತೇನೆಂದು ಹಟ ಹಿಡಿದದ್ದು ಇದೇ ಲೆಕ್ಕಕ್ಕೆ ಅಂಜಿ. ಕಡೆಗೆ ಅವನು ಪಟ್ಟವೇರಿದ, ನಿಜ. ಆದರೆ ಸತ್ತವರನ್ನು ಮರೆತು ಏರಲಿಲ್ಲ. ಕೆಲಸ ಅನಿವಾರ್ಯವೆಂದ ಮಾತ್ರಕ್ಕೆ ಅದರ ಋಣ ತೀರುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮುಚ್ಚಿಟ್ಟರೆ ಸರಿಯಾಗದು. ಆ ಲೋಟವನ್ನು ಮೇಜಿನ ಅಂಚಿನಲ್ಲಿ ಇಟ್ಟವನು ನಾನು. ಮೊಮ್ಮಗನಿಗೆ ಇನ್ನೂ ಹೇಳಿಲ್ಲ.