ಶಕ್ತಿ ಇದೆಯೆಂದು ಬಳಸಬೇಕೆ?

ವೆಬ್ ಪುಟ ಕಟ್ಟುವವರಲ್ಲಿ ವರ್ಷಗಳಿಂದ ಮುಗಿಯದ ವಾದವೊಂದಿದೆ. ಮೆನು, ಬಟನ್, ಅರ್ಜಿಯಂಥ ಭಾಗಗಳನ್ನೆಲ್ಲ ಜಾವಾಸ್ಕ್ರಿಪ್ಟ್‌ನ ವೆಬ್ ಕಾಂಪೊನೆಂಟ್‌ಗಳಾಗಿ, ಅಂದರೆ ತಾವೇ ರಚಿಸಿದ ಹೊಸ ಟ್ಯಾಗ್‌ಗಳಾಗಿ ಮಾಡುವುದು ಸರಿಯೋ, ಬರೀ ಪುಟದ ರಚನೆ ಹೇಳುವ ಎಚ್‌ಟಿಎಂಎಲ್ ಮತ್ತು ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ಮುಗಿಸುವುದು ಸರಿಯೋ? ಮೇಲ್ನೋಟಕ್ಕೆ ತಂತ್ರಜ್ಞರ ಒಳಜಗಳ. ಬುಡದಲ್ಲಿ ಕೂತಿರುವುದು ಹಳೆಯ ನೀತಿಪ್ರಶ್ನೆ: ಕೈಯಲ್ಲಿರುವ ಶಕ್ತಿಯನ್ನು ಎಷ್ಟು ಬಳಸಬೇಕು? ಅದು ಕೈಕೊಟ್ಟರೆ ನಷ್ಟ ಯಾರಿಗೆ?

ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದಕ್ಕೊಂದು ಉತ್ತರ ಬರೆದಿಟ್ಟರು. ಕೆಲಸಕ್ಕೆ ಸಾಕಾಗುವ ಭಾಷೆಗಳ ಪೈಕಿ ಅತಿ ಕಡಿಮೆ ಬಲದ್ದನ್ನು ಆರಿಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ವೈರಾಗ್ಯದ ಮಾತಿನಂತೆ ಕೇಳಿಸಿದರೂ ಕಾರಣ ತೀರ ವ್ಯಾವಹಾರಿಕ. 'ಇದು ಶೀರ್ಷಿಕೆ, ಇದು ಕೊಂಡಿ' ಎಂದು ಸರಳ ಭಾಷೆಯಲ್ಲಿ ಹೇಳಿಬಿಟ್ಟರೆ ಬ್ರೌಸರ್, ಸರ್ಚ್ ಎಂಜಿನ್, ಅಂಧರಿಗೆ ಪುಟ ಓದಿ ಹೇಳುವ ಸ್ಕ್ರೀನ್ ರೀಡರ್ ಎಲ್ಲಕ್ಕೂ ಅರ್ಥವಾಗುತ್ತದೆ. ಪ್ರೋಗ್ರಾಮ್ ಏನು ಮಾಡುತ್ತದೆಂದು ತಿಳಿಯಬೇಕಾದರೆ ಅದನ್ನು ಓಡಿಸಿಯೇ ನೋಡಬೇಕು.

ಭಾಷೆಯ ಸ್ವಭಾವ ಗೊತ್ತಾಗುವುದು ಎಡವಿದಾಗ. ಎಚ್‌ಟಿಎಂಎಲ್‌ನಲ್ಲಿ ಗುರುತಿಲ್ಲದ ಟ್ಯಾಗ್ ಎದುರಾದರೆ ಬ್ರೌಸರ್ ಅದರೊಳಗಿನ ಅಕ್ಷರಗಳನ್ನು ತೋರಿಸಿ ಮುಂದಕ್ಕೆ ಹೋಗುತ್ತದೆ. ಸಿಎಸ್‌ಎಸ್‌ನಲ್ಲಿ ಅರ್ಥವಾಗದ ಸಾಲನ್ನು ಬಿಟ್ಟು ಮಿಕ್ಕದ್ದನ್ನು ಪಾಲಿಸುತ್ತದೆ. ಜಾವಾಸ್ಕ್ರಿಪ್ಟ್ ಫೈಲ್‌ನಲ್ಲಿ ಒಂದು ಆವರಣ ಚಿಹ್ನೆ ತಪ್ಪಿದರೆ ಇಡೀ ಫೈಲ್ ಓಡುವುದಿಲ್ಲ. ಸರ್ನ್ ಸಂಸ್ಥೆಯಲ್ಲಿ ಹುಟ್ಟಿದ ಮೊದಲ ವೆಬ್ ಪುಟದ ಪ್ರತಿ ಇಂದಿನ ಮೊಬೈಲ್‌ನಲ್ಲೂ ಓದಲು ಸಿಗುತ್ತದೆಂದರೆ ಅದಕ್ಕೆ ಎಚ್‌ಟಿಎಂಎಲ್‌ನ ಈ ಕ್ಷಮಾಗುಣವೇ ಕಾರಣ.

ಬ್ರಿಟಿಷ್ ಸರ್ಕಾರದ ಡಿಜಿಟಲ್ ವಿಭಾಗ 2013ರಲ್ಲಿ ತನ್ನ ಜಾಲತಾಣದಲ್ಲೇ ಜಾವಾಸ್ಕ್ರಿಪ್ಟ್ ಎಷ್ಟು ಮಂದಿಗೆ ಕೈಕೊಡುತ್ತದೆಂದು ಎಣಿಸಿ ನೋಡಿತು. ಶೇ 1.1ರಷ್ಟು ಮಂದಿಗೆ ಜಾವಾಸ್ಕ್ರಿಪ್ಟ್ ಸೌಲಭ್ಯ ತಲುಪಿರಲಿಲ್ಲ. ಬೇಕೆಂದೇ ಆಫ್ ಮಾಡಿಕೊಂಡವರೂ ಆ ಸೌಲಭ್ಯವಿಲ್ಲದ ಬ್ರೌಸರ್‌ನವರೂ ಸೇರಿ ಆ 1.1ರಲ್ಲಿ 0.2 ಮಾತ್ರ. ಉಳಿದವರ ಬ್ರೌಸರ್‌ನಲ್ಲಿ ಅದು ಓಡಬೇಕಿತ್ತು, ಓಡಲಿಲ್ಲ. ಆ ಜನ ಏನನ್ನೂ ಆರಿಸಿಕೊಂಡವರಲ್ಲ. ಪುಟ ಕಟ್ಟಿದವರ ಆಯ್ಕೆಯ ಫಲ ಅವರ ತಲೆಗೆ ಬಂತು.

ಒಂದು ಬಟನ್ ಅನ್ನೇ ಹತ್ತಿರದಿಂದ ನೋಡಬಹುದು. ಎಚ್‌ಟಿಎಂಎಲ್‌ನ 'ಬಟನ್' ಟ್ಯಾಗ್ ಬರೆದರೆ ಸಾಕು, ಟ್ಯಾಬ್ ಕೀ ಒತ್ತಿದಾಗ ಸರದಿಯಲ್ಲಿ ಸಿಗುತ್ತದೆ, ಎಂಟರ್‌ಗೂ ಸ್ಪೇಸ್‌ಗೂ ಓಗೊಡುತ್ತದೆ, ಅರ್ಜಿ ಕಳಿಸುತ್ತದೆ, ಸ್ಕ್ರೀನ್ ರೀಡರ್‌ಗೆ ತಾನು ಬಟನ್ ಎಂದು ತಿಳಿಸುತ್ತದೆ. ಹೊಸದಾಗಿ ಹುಟ್ಟಿಸಿದ ಟ್ಯಾಗ್‌ಗೆ ಬಣ್ಣ, ನೆರಳು ಹಚ್ಚಿ ಬಟನ್‌ನಂತೆ ಕಾಣಿಸಿದರೆ ಇವು ಯಾವುವೂ ತಾವಾಗಿ ಬರುವುದಿಲ್ಲ. ಒಂದೊಂದನ್ನೂ ಬರೆದು ಸೇರಿಸಬೇಕು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯವನ್ನು ಅಧ್ಯಾಸದ ಚರ್ಚೆಯಿಂದಲೇ ಶುರುಮಾಡುತ್ತಾರೆ. ಒಂದರ ಮೇಲೆ ಇನ್ನೊಂದರ ಗುಣವನ್ನು ಆರೋಪಿಸಿ ನೋಡುವ ಆ ಭ್ರಮೆ ಇಲ್ಲೂ ಇದೆ. ಕಣ್ಣಿಗೆ ಎರಡೂ ಬಟನ್ನೇ. ಕೀಬೋರ್ಡನ್ನೇ ನಂಬಿದವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಹಾಗೆಂದು ವೆಬ್ ಕಾಂಪೊನೆಂಟ್ ಆಡಂಬರಕ್ಕೆ ಹುಟ್ಟಿದ್ದಲ್ಲ. 2011ರಲ್ಲಿ ವೆಬ್ ತಂತ್ರಜ್ಞ ಅಲೆಕ್ಸ್ ರಸೆಲ್ ಈ ಕಲ್ಪನೆಯನ್ನು ಮುಂದಿಟ್ಟಾಗ ಅದರ ಹಿಂದೆ ಉದಾರವಾದ ಆಸೆಯಿತ್ತು: ಹೊಸ ಟ್ಯಾಗ್ ರಚಿಸುವ ಅಧಿಕಾರ ಬ್ರೌಸರ್ ಕಂಪನಿಗಳಿಗಷ್ಟೇ ಯಾಕಿರಬೇಕು, ಎಲ್ಲರಿಗೂ ಸಿಗಲಿ. ಕಾಂಪೊನೆಂಟ್‌ಗೂ ಉಳಿದ ಪುಟಕ್ಕೂ ನಡುವೆ ಗೋಡೆ ಕಟ್ಟುವ ಶಾಡೋ ಡಾಮ್‌ನಿಂದ ಒಂದು ಭಾಗದ ಶೈಲಿ ಇನ್ನೊಂದಕ್ಕೆ ಹರಿಯುವುದು ತಪ್ಪಿತು. ನಕ್ಷೆ, ಚಾರ್ಟ್, ಕೋಡ್ ಎಡಿಟರ್‌ಗಳಿಗೆ ಇದು ನಿಜಕ್ಕೂ ಬೇಕು, ಬೇಡವೆನ್ನುವುದು ಹಟ. ಆದರೆ ಆ ಗೋಡೆಗೂ ಬೆಲೆಯಿದೆ. ಒಳಗಿನ ಇನ್‌ಪುಟ್‌ಗೆ ಹೊರಗಿನ ಲೇಬಲ್ ಅನ್ನು ಐಡಿ ಮೂಲಕ ಜೋಡಿಸಲಾಗದು.

ಕಾಲವೂ ಸರಳತೆಯ ಕಡೆಗೇ ಇದೆ. ತೆರೆದು ಮುಚ್ಚುವ ಪಟ್ಟಿಗೆ ಒಮ್ಮೆ ಸ್ಕ್ರಿಪ್ಟ್ ಬೇಕಿತ್ತು, ಈಗ 'ಡೀಟೇಲ್ಸ್' ಟ್ಯಾಗ್ ಸಾಕು. ಪುಟದ ಮೇಲೆ ತೆರೆಯುವ ಕಿಟಕಿಗೆ 2022ರಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ 'ಡಯಲಾಗ್' ಇದೆ.

ಎರಡನ್ನೂ ಹೊಂದಿಸಿದ ಒಳ್ಳೆಯ ಉದಾಹರಣೆ, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನ 'ರಿಲೇಟಿವ್-ಟೈಮ್' ಎಂಬ ಪುಟ್ಟ ಕಾಂಪೊನೆಂಟ್. ಟ್ಯಾಗ್‌ನೊಳಗೆ ಮೊದಲೇ ಪೂರ್ತಿ ದಿನಾಂಕ ಬರೆದಿರುತ್ತದೆ. ಸ್ಕ್ರಿಪ್ಟ್ ಓಡಿದರೆ ಅದು 'ಮೂರು ದಿನಗಳ ಹಿಂದೆ' ಎಂಬಂತೆ ಬದಲಾಗುತ್ತದೆ. ಓಡದಿದ್ದರೆ ದಿನಾಂಕ ಹಾಗೇ ಉಳಿಯುತ್ತದೆ, ಓದುಗ ಏನನ್ನೂ ಕಳೆದುಕೊಳ್ಳುವುದಿಲ್ಲ. ಶಕ್ತಿಯ ಬಳಕೆ ಹೀಗಿರಬೇಕು: ಇದ್ದರೆ ಲಾಭ, ಇಲ್ಲದಿದ್ದರೆ ನಷ್ಟವಿಲ್ಲ.

ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ 2007ರಲ್ಲಿ ಎಚ್‌ಟಿಎಂಎಲ್ ವಿನ್ಯಾಸದ ತತ್ತ್ವಗಳ ಕರಡು ಹೊರತಂದಾಗ ಯಾರ ಹಿತ ಮೊದಲು ಎಂದೂ ಬರೆಯಿತು. ಬಳಸುವವರು ಮೊದಲು, ಆಮೇಲೆ ಪುಟ ಬರೆಯುವವರು, ಬ್ರೌಸರ್ ಕಟ್ಟುವವರು, ನಿಯಮ ಬರೆಯುವವರು. ಸೈದ್ಧಾಂತಿಕ ಶುದ್ಧತೆ ಕಟ್ಟಕಡೆಗೆ. 'ಶುದ್ಧ ಎಚ್‌ಟಿಎಂಎಲ್' ಎಂದು ಮಡಿ ಹಿಡಿಯುವವರಿಗೂ ಈ ಪಟ್ಟಿ ಅನ್ವಯಿಸುತ್ತದೆ. ಪುಟ ಕಟ್ಟುವವರು ಒಮ್ಮೆ ಜಾವಾಸ್ಕ್ರಿಪ್ಟ್ ಆಫ್ ಮಾಡಿ, ಮೌಸ್ ಮುಟ್ಟದೆ, ತಮ್ಮದೇ ಪುಟದ ಅರ್ಜಿಯನ್ನು ತುಂಬಿ ಕಳಿಸಲು ನೋಡಲಿ. ಹೋಗದಿದ್ದರೆ, ಬೇರೆ ಕೆಲಸಕ್ಕೆ ಮುಂಚೆ ಅದನ್ನು ಸರಿಪಡಿಸಲಿ.