ಬೀಗ ಹಾಕಿದವರ ಹೊಣೆ



ನಮ್ಮ ಕೂಟದ ಯಾವ ಸಮಾರಂಭಕ್ಕೆ ಹೋದರೂ ಊಟದ ಸಾಲಿನಲ್ಲಿ ಕಂಪ್ಯೂಟರ್ ಕೆಲಸದವರಿಗೆ ಕೊರತೆಯಿಲ್ಲ. ಅವರಲ್ಲಿ ಕೆಲವರ ಕೆಲಸ ಪರದೆಯ ಮೇಲೆ ಕಾಣುವಂಥದ್ದಲ್ಲ. ರೂಟರ್, ಕ್ಯಾಮೆರಾ, ಟಿ.ವಿ.ಯ ಪೆಟ್ಟಿಗೆ, ಆಸ್ಪತ್ರೆಯ ಪಂಪು ಇಂಥವುಗಳ ಹೊಟ್ಟೆಯೊಳಗೆ ಕುಳಿತಿರುವ ಪುಟ್ಟ ಆಪರೇಟಿಂಗ್ ಸಿಸ್ಟಂ ಕಟ್ಟುವುದು ಅವರ ಕಸುಬು. ಆ ಕಸುಬಿನಲ್ಲಿ ಬಹಳ ಬೇಗ ಎದುರಾಗುವ ಪ್ರಶ್ನೆ ಒಂದಿದೆ: ಸಿಸ್ಟಂ ಇಮೇಜ್ ಯಾವ ಬಗೆಯದಿರಬೇಕು? ಬಿಲ್ಡ್‌ರೂಟ್, ಯೋಕ್ಟೋ ಮುಂತಾದ ಸಲಕರಣೆಗಳಲ್ಲಿ ಅದು ಒಂದೆರಡು ಸಾಲಿನ ಆಯ್ಕೆ, ಅಷ್ಟೆ. ಆದರೆ ಆ ಎರಡು ಸಾಲಿನಲ್ಲಿ ಒಂದು ಧರ್ಮಸೂಕ್ಷ್ಮ ಅಡಗಿದೆ ಎಂದು ನಮಗೆ ತೋರುತ್ತದೆ. ಅದನ್ನು ಇಲ್ಲಿ ಬಿಡಿಸಿ ನೋಡೋಣ.

ಈ ಕಸುಬಿನವರಲ್ಲದ ಓದುಗರು ಹೆದರಬೇಕಾಗಿಲ್ಲ. ಇಮೇಜ್ ಎಂಬುದನ್ನು ವಿಗ್ರಹ ಎಂದೇ ತಿಳಿದರೆ ನಮ್ಮವರಿಗೆ ವಿಷಯ ಸುಲಭವಾಗುತ್ತದೆ. ಗರ್ಭಗುಡಿಯ ಮೂಲವಿಗ್ರಹ ಕದಲುವುದಿಲ್ಲ. ಬೀದಿಗೆ ಬರುವುದು, ಮಳೆ ಧೂಳು ಕಾಣುವುದು ಉತ್ಸವಮೂರ್ತಿ. ಯಂತ್ರದೊಳಗೂ ಹಾಗೆಯೇ ಮಾಡಬಹುದು. ಇಡೀ ಸಿಸ್ಟಮ್ಮನ್ನು ಬರೆಯಲಾಗದ ಒಂದು ಗಟ್ಟಿ ಅಚ್ಚಾಗಿ ಮಾಡಿಡುವುದು ಒಂದು ಬಗೆ. ಸ್ಕ್ವಾಶ್‌ಎಫ್‌ಎಸ್ ಎಂಬುದು ಇಂಥದ್ದು. ಅದರ ಮೇಲೆ ತೆಳುವಾದ, ಬರೆಯಬಹುದಾದ ಪದರವೊಂದನ್ನು ಹಾಸುವುದು ಇನ್ನೊಂದು ಬಗೆ. ಗೊಂದಲವಾದರೆ ಪದರವನ್ನು ಅಳಿಸಿದರಾಯಿತು, ಮೂಲ ಹಾಗೇ ಉಳಿದಿರುತ್ತದೆ. ಎಲ್ಲವನ್ನೂ ಬರೆಯಲು ತೆರೆದಿಡುವುದು ಮತ್ತೊಂದು, ನಮ್ಮ ಮೇಜಿನ ಕಂಪ್ಯೂಟರಿನ ಹಾಗೆ. ಎರಡು ಪ್ರತಿಗಳನ್ನಿಟ್ಟು, ಒಂದು ನಡೆಯುತ್ತಿರುವಾಗ ಇನ್ನೊಂದನ್ನು ಹೊಸದು ಮಾಡುವುದು ಮಗದೊಂದು. ಇವೆಲ್ಲಕ್ಕೂ ಮೇಲೆ, ತಯಾರಕರ ಸಹಿ ಇಲ್ಲದ ಯಾವ ಇಮೇಜನ್ನೂ ಯಂತ್ರ ಒಪ್ಪದಂತೆ ಬೀಗ ಹಾಕಬಹುದು.

ಮುಚ್ಚಿದ ಅಚ್ಚಿನ ಪರವಾಗಿ ಒಳ್ಳೆಯ ಕಾರಣಗಳೇ ಇವೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲುಗಳು ಕೆಡಬಹುದು. ಬೇಸಿಗೆಯ ಲೋಡ್ ಶೆಡ್ಡಿಂಗ್ ಕಂಡು ಬೆಳೆದ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಫ್ಲ್ಯಾಶ್ ಮೆಮೊರಿಗೆ ಬರೆದಷ್ಟೂ ಸವೆತ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಿಂದ ಬಂದ ಅಪ್ಪ ಅಮ್ಮ ಏನೋ ಒತ್ತಿದರೂ ಯಂತ್ರ ಕೆಡಬಾರದು. ಆದ್ದರಿಂದ ಮುಚ್ಚುವವನು ದುಷ್ಟ, ತೆರೆದಿಡುವವನು ಸಜ್ಜನ ಎಂಬ ಸುಲಭದ ತೀರ್ಪು ಇಲ್ಲಿ ಸಲ್ಲದು.

ಆದರೆ 2016ರ ಅಕ್ಟೋಬರ್ 21ರಂದು ನಡೆದದ್ದನ್ನು ನೆನೆಯಿರಿ. ಆ ದಿನ ಈ ಪೂರ್ವ ಕರಾವಳಿಯಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದ ತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಡಿನ್ ಎಂಬ ಕಂಪನಿಯ ಮೇಲೆ ಲೋಕದ ನಾನಾ ಮೂಲೆಗಳಿಂದ ದಾಳಿಯಾಗಿತ್ತು. ದಾಳಿಗೆ ಬಳಕೆಯಾದದ್ದು ಮನೆ ಅಂಗಡಿಗಳ ಕ್ಯಾಮೆರಾಗಳು, ವಿಡಿಯೋ ರೆಕಾರ್ಡರುಗಳು, ರೂಟರುಗಳು. ಅವುಗಳನ್ನು ವಶಮಾಡಿಕೊಂಡ ‘ಮಿರಾಯ್’ ಎಂಬ ಪ್ರೋಗ್ರಾಮು ನಮ್ಮ ನೆರೆಯದ್ದೇ. ಅದನ್ನು ರಚಿಸಿದವರಲ್ಲೊಬ್ಬ ನ್ಯೂಜೆರ್ಸಿಯವನು, ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದವನು. 2017ರ ಡಿಸೆಂಬರಿನಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಡಿನ್ ದಾಳಿಗೆ ಮೊದಲೇ ಅದರ ಮೂಲಪಾಠವನ್ನು ಹೊರಗೆ ಬಿಡಲಾಗಿತ್ತು, ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಅದರ ವಿದ್ಯೆ ದೊಡ್ಡದೇನಲ್ಲ. ಕಾರ್ಖಾನೆಯಲ್ಲಿ ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದಾದ ಮೇಲೊಂದು ಪ್ರಯತ್ನಿಸುವುದು, ಅಷ್ಟೆ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮ ಒಂದಿದೆ. ಮಿರಾಯ್ ಯಂತ್ರದ ಫ್ಲ್ಯಾಶಿಗೆ ಇಳಿಯುತ್ತಿರಲಿಲ್ಲ, ನಡೆಯುವ ನೆನಪಿನಲ್ಲಷ್ಟೇ ಇರುತ್ತಿತ್ತು. ಸ್ವಿಚ್ ಆರಿಸಿ ಹಾಕಿದರೆ ಯಂತ್ರ ಮಿಂದು ಮಡಿಯುಟ್ಟಂತೆ ಶುದ್ಧವಾಗಿ ಏಳುತ್ತಿತ್ತು. ಎದ್ದ ಕೆಲವೇ ನಿಮಿಷಗಳಲ್ಲಿ ಮತ್ತೆ ಮೈಲಿಗೆ! ಏಕೆಂದರೆ ಕೆಲವು ಯಂತ್ರಗಳಲ್ಲಿ ಆ ಕೆಟ್ಟ ಪಾಸ್‌ವರ್ಡ್ ಅಚ್ಚಿನೊಳಗೇ ಸೇರಿಹೋಗಿತ್ತು. ಮಾಲೀಕರು ಹೊರಗಿನ ಪಾಸ್‌ವರ್ಡ್ ಬದಲಿಸಿದರೂ ಒಳಗಿನದು ಬದಲಾಗುತ್ತಿರಲಿಲ್ಲ. ಒಳ್ಳೆಯದನ್ನು ಕಾಪಾಡಲೆಂದು ಹಾಕಿದ ಮುದ್ರೆ ಕೆಟ್ಟದ್ದನ್ನೂ ಅಷ್ಟೇ ನಿಷ್ಠೆಯಿಂದ ಕಾಪಾಡಿತು. ನಷ್ಟವಾದದ್ದು ಯಾರಿಗೆ? ಮಾಡಿದವರಿಗೂ ಅಲ್ಲ, ಕೊಂಡವರಿಗೂ ಅಷ್ಟಾಗಿ ಅಲ್ಲ; ಎಲ್ಲೋ ಇದ್ದ ಮೂರನೆಯವರಿಗೆ. ಆದ್ದರಿಂದ ‘ನನ್ನ ಯಂತ್ರ, ನನ್ನಿಷ್ಟ’ ಎಂಬ ಮಾಲೀಕನ ಮಾತಾಗಲಿ, ‘ನಮ್ಮ ತಯಾರಿಕೆ, ನಮ್ಮ ಗುಟ್ಟು’ ಎಂಬ ಕಂಪನಿಯ ಮಾತಾಗಲಿ ಪೂರ್ತಿ ನ್ಯಾಯವಲ್ಲ. ಪಕ್ಕದ ಮನೆಯವನಿಗೂ ಇದರಲ್ಲಿ ಪಾಲಿದೆ.

ಇನ್ನೊಂದು ಕಡೆಯ ಕಥೆಯೂ ನಮ್ಮ ಹತ್ತಿರದ್ದೇ. 2007ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಸಾಫ್ಟ್‌ವೇರ್ ಫ್ರೀಡಂ ಲಾ ಸೆಂಟರಿನ ವಕೀಲರು ಮ್ಯಾನ್‌ಹಟನ್ನಿನ ಫೆಡರಲ್ ನ್ಯಾಯಾಲಯದಲ್ಲಿ ಒಂದು ದಾವೆ ಹೂಡಿದರು. ಪುಟ್ಟ ಯಂತ್ರಗಳಲ್ಲೆಲ್ಲ ಬಳಕೆಯಾಗುವ ಬಿಜಿಬಾಕ್ಸ್ ಎಂಬ ಸಾಫ್ಟ್‌ವೇರನ್ನು ಜಿ.ಪಿ.ಎಲ್. ಎಂಬ ಪರವಾನಗಿಯಡಿ ಹಂಚಲಾಗುತ್ತದೆ. ಯಾರು ಬೇಕಾದರೂ ಬಳಸಬಹುದು, ಆದರೆ ಮಾರಿದವರು ಮೂಲಪಾಠವನ್ನೂ ಕೊಡಬೇಕು. ಕಂಪನಿಯೊಂದು ಕೊಡಲಿಲ್ಲವೆಂಬುದು ದೂರು. ಮರುತಿಂಗಳೇ ರಾಜಿಯಾಯಿತು. 2009ರಲ್ಲಿ ಅದೇ ನ್ಯಾಯಾಲಯದಲ್ಲಿ ಹದಿನಾಲ್ಕು ಕಂಪನಿಗಳ ಮೇಲೆ ಒಟ್ಟಿಗೆ ದಾವೆ ಬಿತ್ತು. ಇದಕ್ಕೂ ಮೊದಲೇ, 2003ರಲ್ಲಿ, ಲಿಂಕ್‌ಸಿಸ್ ಕಂಪನಿ ತನ್ನ ನೀಲಿ-ಕಪ್ಪು ರೂಟರಿನ ಮೂಲಪಾಠವನ್ನು ಇದೇ ಪರವಾನಗಿಯ ಒತ್ತಾಯಕ್ಕೆ ಬಿಡುಗಡೆ ಮಾಡಿತ್ತು. ಅದರಿಂದ ಹುಟ್ಟಿದ ಓಪನ್‌ಡಬ್ಲ್ಯೂಆರ್‌ಟಿ ತಯಾರಕರು ಕೈಬಿಟ್ಟ ಎಷ್ಟೋ ರೂಟರುಗಳಿಗೆ ಮರುಜೀವ ಕೊಟ್ಟಿದೆ. ಅದು ಆರಿಸಿಕೊಂಡ ಬಗೆ ಯಾವುದು ಗೊತ್ತೇ? ಸಾಮಾನ್ಯವಾಗಿ ಮುಚ್ಚಿದ ಸ್ಕ್ವಾಶ್‌ಎಫ್‌ಎಸ್, ಮೇಲೆ ಬರೆಯುವ ಪದರ. ಅಂದರೆ ಮುಚ್ಚಿದ ಅಚ್ಚೇ ಸ್ವಾತಂತ್ರ್ಯದ ಶತ್ರುವಲ್ಲ. ಬೀಗದ ಕೈ ಯಾರಲ್ಲಿದೆ ಎಂಬುದೇ ಪ್ರಶ್ನೆ. ಮೂಲಪಾಠ ಕೊಟ್ಟು, ಬದಲಿಸಿದ್ದನ್ನು ಮಾತ್ರ ಓಡಿಸಲು ಬಿಡದ ಟಿವೋ ಪೆಟ್ಟಿಗೆಯನ್ನು ಕಂಡೇ 2007ರ ಜೂನ್ 29ರಂದು ಬಂದ ಜಿ.ಪಿ.ಎಲ್. ಮೂರನೇ ಆವೃತ್ತಿಯಲ್ಲಿ ಇದಕ್ಕೊಂದು ಷರತ್ತು ಸೇರಿತು. ಲಿನಕ್ಸ್ ಕರ್ನಲ್ ಎರಡನೇ ಆವೃತ್ತಿಯಲ್ಲೇ ಉಳಿಯಿತು. ತಿಳಿದವರಲ್ಲೇ ಭಿನ್ನಾಭಿಪ್ರಾಯವಿದೆ ಎಂಬುದಕ್ಕೆ ಇದೇ ಸಾಕ್ಷಿ.

ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಯಂತ್ರ ಮನುಷ್ಯನ ಎದೆಯೊಳಗಿದ್ದಾಗ. ಅದೇ ಲಾ ಸೆಂಟರಿನಲ್ಲಿದ್ದ ವಕೀಲೆ ಕರೆನ್ ಸ್ಯಾಂಡ್ಲರ್ ಅವರಿಗೆ ಹೃದಯದ ಕಾಯಿಲೆಯಿಂದಾಗಿ ಡಿಫಿಬ್ರಿಲೇಟರ್ ಅಳವಡಿಸಬೇಕಾಯಿತು. ‘ನನ್ನ ಎದೆಯೊಳಗಿನ ಪ್ರೋಗ್ರಾಮನ್ನು ನಾನು ಓದಬಹುದೇ?’ ಎಂದು ಕೇಳಿದರು, ಸಿಗಲಿಲ್ಲ. ಆ ಬಗ್ಗೆ ಅವರು ವರ್ಷಗಳಿಂದ ಬಹಿರಂಗವಾಗಿ ಮಾತನಾಡುತ್ತ ಬಂದಿದ್ದಾರೆ. ಎದೆಯೊಳಗಿನ ಪ್ರೋಗ್ರಾಮನ್ನು ಯಾರು ಬೇಕಾದರೂ ತಿದ್ದುವಂತಿರಬಾರದು ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಅವರು ಮೊದಲು ಕೇಳಿದ್ದು ತಿದ್ದುವ ಹಕ್ಕಲ್ಲ, ಓದುವ ಹಕ್ಕು. ಬರೆಯಲಾಗದ್ದು ಬೇರೆ, ಓದಲಾಗದ್ದು ಬೇರೆ. ಸುರಕ್ಷೆಯ ಹೆಸರಿನಲ್ಲಿ ಇವೆರಡನ್ನೂ ಒಂದೇ ಬೀಗದಡಿ ಇಡುವುದೇ ಹಲವು ವೇಳೆ ನಡೆಯುವ ಜಾಣತನ.

ಹಾಗಾದರೆ ನಮ್ಮ ತೀರ್ಮಾನವೇನು? ಬೀಗ ಹಾಕುವುದು ತಪ್ಪಲ್ಲ. ಬೀಗ ಹಾಕಿದವರು ಹೊಣೆಯನ್ನೂ ಹೊತ್ತುಕೊಂಡಂತೆ. ಮತ್ತೆ ದೇವಸ್ಥಾನಕ್ಕೇ ಬರೋಣ. ಕದಲದ ಮೂಲವಿಗ್ರಹವನ್ನೂ ನಮ್ಮ ಹಿರಿಯರು ಹಾಗೇ ಬಿಟ್ಟುಬಿಡಲಿಲ್ಲ. ಪೀಠಕ್ಕೆ ಬಂಧಿಸುವ ಅಷ್ಟಬಂಧ ಕಾಲಕ್ರಮದಲ್ಲಿ ಸಡಿಲವಾಗುತ್ತದೆಂದು ತಿಳಿದು ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶದ ಸಂಪ್ರದಾಯ ಇಟ್ಟರು. ಬರುವವರು ಯಾರು, ಯಾವಾಗ ಎಂಬುದು ಮೊದಲೇ ಗೊತ್ತು. ಯಂತ್ರಕ್ಕೂ ಇಷ್ಟೇ ಬೇಕು. ಒಂದು, ಎಷ್ಟು ವರ್ಷ ತಿದ್ದುಪಡಿ ಬರುತ್ತದೆಂದು ಮಾರುವ ದಿನವೇ ಪೆಟ್ಟಿಗೆಯ ಮೇಲೆ ಬರೆಯಬೇಕು. ಎರಡು, ತಿದ್ದುಪಡಿ ಅರ್ಧದಲ್ಲಿ ನಿಂತರೆ ಹಳೆಯದಕ್ಕೆ ಮರಳುವಂತೆ ಎರಡು ಪ್ರತಿ ಇರಬೇಕು. ಇಲ್ಲದಿದ್ದರೆ ತಿದ್ದಲು ಹೆದರಿ ತಿದ್ದದೆಯೇ ಬಿಡುತ್ತಾರೆ. ಮೂರು, ತಯಾರಕರು ಕೈತೊಳೆದುಕೊಳ್ಳುವ ದಿನ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಬೇಕು. ಕಾಯುವವರಿಲ್ಲದ ಮನೆಗೆ ಬೀಗ ಜಡಿದು ಹೋದರೆ ಗೆದ್ದಲಿಗಷ್ಟೇ ಲಾಭ.

ಇದಕ್ಕೆ ಆಕ್ಷೇಪಗಳಿವೆ. ಕೈ ಕೊಟ್ಟರೆ ಕಳ್ಳನಿಗೂ ಸಿಗುವುದಿಲ್ಲವೇ? ಬೀಗ ತೆರೆಯಲು ಯಂತ್ರದ ಗುಂಡಿಯನ್ನು ಕೈಯಾರೆ ಒತ್ತಬೇಕೆಂದು ಮಾಡಿದರೆ, ದೂರದಲ್ಲಿ ಕುಳಿತ ಕಳ್ಳನಿಗೆ ಅದು ಎಟುಕದು. ಸಾಮಾನ್ಯ ಮಾಲೀಕನಿಗೆ ಏನು ತಿಳಿಯುತ್ತದೆ? ಅವನಿಗೆ ತಿಳಿಯದಿದ್ದರೂ ಬೀದಿಯ ರಿಪೇರಿಯವನಿಗೆ ತಿಳಿಯುತ್ತದೆ. ಹಾಗಾದರೆ ಮೂಲಪಾಠ ಸಿಕ್ಕರೆ ಎಲ್ಲ ಸರಿಯೇ? ಅದೂ ಇಲ್ಲ. ಇದೇ ನ್ಯೂಜೆರ್ಸಿಯ ಮರ್ರೇ ಹಿಲ್‌ನ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ಮೂಲಪಾಠದಲ್ಲಿ ಸುಳಿವೇ ಇಲ್ಲದಂತೆ ಕಂಪೈಲರಿನ ಮೂಲಕ ಮೋಸವನ್ನು ಹುದುಗಿಸಬಹುದೆಂದು ತೋರಿಸಿದರು. ಕೊನೆಗೆ ನಾವು ನಂಬುವುದು ಮನುಷ್ಯರನ್ನು. ಆದ್ದರಿಂದಲೇ ಅವರ ಹೊಣೆ ಕಾಗದದ ಮೇಲೆ ಇರಬೇಕೆನ್ನುವುದು.

ಕಾಯಿದೆ ನಿಧಾನವಾಗಿ ಹಿಂದೆ ಬರುತ್ತಿದೆ. ನ್ಯೂಯಾರ್ಕಿನ ಡಿಜಿಟಲ್ ರಿಪೇರಿ ಕಾಯಿದೆಗೆ 2022ರ ಡಿಸೆಂಬರ್ 28ರಂದು ಸಹಿ ಬಿದ್ದು, ಮರುವರ್ಷ ಜಾರಿಗೆ ಬಂತು. ಆದರೆ ಭದ್ರತಾ ಬೀಗ ತೆರೆಯುವ ಸಂಕೇತಗಳನ್ನು ಕೊಡಬೇಕೆಂಬ ಅಂಶ ಸಹಿಯ ಹೊತ್ತಿನ ಬದಲಾವಣೆಗಳಲ್ಲಿ ಬಿಟ್ಟುಹೋಯಿತು. ವೈದ್ಯಕೀಯ ಯಂತ್ರಗಳು ಅದರ ಹೊರಗೇ ಇವೆ. ಯೂರೋಪಿನವರು 2024ರಲ್ಲಿ ಮಾಡಿದ ಕಾಯಿದೆ ಸಾಮಾನ್ಯವಾಗಿ ಕನಿಷ್ಠ 5 ವರ್ಷದ ಬೆಂಬಲ ಕೇಳುತ್ತದೆ. ಅದರ ಮುಖ್ಯ ನಿಯಮಗಳು ಜಾರಿಯಾಗುವುದು 2027ರ ಡಿಸೆಂಬರಿನಲ್ಲಿ.

ಅಲ್ಲಿಯವರೆಗೆ? ‘ನಾವು ಸಂಬಳಕ್ಕೆ ದುಡಿಯುವವರು, ವೀಸಾದ ಮೇಲಿರುವವರು, ಮೇಲಿನವರು ಹೇಳಿದ್ದನ್ನು ಮಾಡುತ್ತೇವೆ’ ಎಂಬ ಮಾತು ನಮ್ಮಲ್ಲಿ ಸಾಮಾನ್ಯ. ಅದರಲ್ಲಿ ಸುಳ್ಳಿಲ್ಲ. ಆದರೆ ಇಮೇಜಿನ ಬಗೆಯನ್ನು ಅನೇಕ ವೇಳೆ ಆರಿಸುವವರು ಮೇಲಿನವರಲ್ಲ. ಅವರಿಗೆ ಆ ಸಾಲು ಇದೆಯೆಂದೇ ಗೊತ್ತಿರುವುದಿಲ್ಲ. ಕೀಲಿಮಣೆಯ ಮುಂದೆ ಕುಳಿತ ನಮ್ಮಂಥವರೇ ಅದನ್ನು ಬರೆಯುವುದು. ‘ಇದನ್ನು ಮುಚ್ಚಿದ ಮೇಲೆ ಹತ್ತನೇ ವರ್ಷದಲ್ಲಿ ತೆರೆಯುವವರು ಯಾರು?’ ಎಂದು ಮೀಟಿಂಗಿನಲ್ಲಿ ಒಮ್ಮೆ ಕೇಳಿ, ಬಂದ ಉತ್ತರವನ್ನು ಬರೆದಿಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗದು. ಹಾಗೆ ಕೇಳಿದವರು ನಮ್ಮ ಓದುಗರಲ್ಲಿದ್ದರೆ, ಅವರಿಗೆ ಸಿಕ್ಕ ಉತ್ತರವನ್ನು ಮುಂದಿನ ಸಂಚಿಕೆಗೆ ಬರೆದು ಕಳಿಸಲಿ ಎಂದು ಕೋರುತ್ತೇವೆ.